ಬೇತಮಂಗಲದ ದಾರಿಯಿಂದ ಕೆಜಿಎಫ್‌ಗೆ

ಮುಳಬಾಗಿಲಿನ ಹೆದ್ದಾರಿ ಬಿಟ್ಟು ಬೇತಮಂಗಲದ ಮೇಲೆ ಹೋಗುವವರಿಗೆ ಚಿನ್ನದ ಊರಿಗಿಂತ ಮೊದಲು ಅದರ ನೀರು ಕಾಣುತ್ತದೆ. ಗಣಿಗೂ ಗಣಿಯವರಿಗೂ ಕುಡಿಯಲು ಹೋದದ್ದು ಪಾಲಾರ್ ಹೊಳೆಯ ಈ ಕೆರೆಯ ನೀರು. ಊರನ್ನು ತಿಳಿಯಬೇಕಾದರೆ ಅದು ಎಲ್ಲಿಂದ ನೀರು ತಂದುಕೊಂಡಿತು ಎಂದು ಮೊದಲು ಕೇಳಬೇಕು.

*

ಮಾವಿನ ತೋಪು, ರಾಗಿ ಹೊಲ, ಟೊಮೆಟೊ ಸಾಲು, ನೀಲಗಿರಿ. ಆಮೇಲೆ ತಲೆ ಚಪ್ಪಟೆಯಾದ, ಮಾಸಲು ಬಣ್ಣದ ಒಂದು ಗುಡ್ಡ. ಕೋಲಾರ ಸೀಮೆಯ ಗುಡ್ಡಗಳೆಲ್ಲ ಬಂಡೆ ಹೊತ್ತು ಕೂತಿರುತ್ತವೆ. ಇದರ ಮೈಮೇಲೆ ಮಳೆ ಕೊರೆದ ಗೀರುಗಳು ಮಾತ್ರ. ಕಲ್ಲನ್ನು ಹಿಟ್ಟಾಗಿ ಅರೆದು, ಸೈನೈಡಿನಿಂದ ಚಿನ್ನ ಬಿಡಿಸಿಕೊಂಡು, ಮಿಕ್ಕದ್ದನ್ನು ಸುರಿದ ರಾಶಿ ಇದು. ಊರಿನವರು ಸೈನೈಡ್ ಗುಡ್ಡ ಎನ್ನುತ್ತಾರೆ. ದೂರದಿಂದ ಬಂದವರು ಕಾರು ನಿಲ್ಲಿಸಿ ಚೆಂದ ಎನ್ನುತ್ತಾರೆ. ಸಂಜೆಯ ಬಿಸಿಲಿಗೆ ಅದು ನಿಜವಾಗಿಯೂ ಚೆಂದ. ಗಾಳಿ ಎದ್ದ ದಿನ ಅದೇ ಗುಡ್ಡದ ಪುಡಿ ಮನೆಗಳ ಒಳಗೆ ಬಂದು ಕೂರುತ್ತದೆ.

*

ಈ ಗುಡ್ಡಗಳು ಬೆಳೆದದ್ದು ನೆಲದ ಹೊಟ್ಟೆ ಬರಿದಾದಷ್ಟೂ.

*

ಕೊನೆಗಾಲಕ್ಕೆ ಒಂದು ಟನ್ ಕಲ್ಲು ಅರೆದರೆ ಕೈಗೆ ಬರುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಉಂಗುರ ಎಲ್ಲೋ ಒಂದು ಬೆರಳಿಗೆ ಹೋಯಿತು. ಟನ್ನು ಇಲ್ಲೇ ಇದೆ.

*

ಬಂಗಾರಪೇಟೆಯಿಂದ ಬರುವ ರೈಲಿನ ನಿಲ್ದಾಣಗಳ ಹೆಸರು ಓದಿ: ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಮೊದಲ ಮೂರೂ ಗಣಿಯ ಹೆಸರುಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1956ರಲ್ಲಿ ಗಣಿ ಸರ್ಕಾರದ್ದಾಯಿತು, 2001ರ ಫೆಬ್ರುವರಿ 28ರಂದು ಮುಚ್ಚಿತು. ಹೆಸರುಗಳಿಗೆ ಯಾರೂ ಬೀಗ ಹಾಕಲಿಲ್ಲ. ಇವತ್ತಿಗೂ ಜನ ಅಲ್ಲೇ ಇಳಿಯುತ್ತಾರೆ, ಅಲ್ಲೇ ಹತ್ತುತ್ತಾರೆ.

*

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ಇಲ್ಲಿಗೆ ಬಂತು. ಬೆಂಗಳೂರಿನ ಬೀದಿಗೆ ಅದು ತಲುಪಿದ್ದು 1905ರಲ್ಲಿ. ದಾರಿಯುದ್ದಕ್ಕೂ ಆ ತಂತಿಯ ಅಡಿಯಲ್ಲಿ ಎಣ್ಣೆ ದೀಪ ಹಚ್ಚಿ ಮಲಗಿದ ಹಳ್ಳಿಗಳನ್ನು ನಾನು ಆಗಾಗ ನೆನೆಯುತ್ತೇನೆ. ಬೆಳಕು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬರೆದಿಡುತ್ತೇವೆ; ಯಾರ ತಲೆಯ ಮೇಲೆ ಹಾದುಹೋಯಿತು ಎಂದು ಬರೆಯುವುದಿಲ್ಲ.

*

ಗಣಿಗೆ ಇಳಿದವರಲ್ಲಿ ಬಹಳಷ್ಟು ಮಂದಿ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ದಲಿತರು. ಮೇಲಿನ ನೆಲದಲ್ಲಿ ಅವರಿಗೆ ಒಂದು ಗುಂಟೆ ಕೊಡದ ಲೋಕ, ಕೆಳಗಿನ ನೆಲವನ್ನೆಲ್ಲ ಅವರ ಕೈಗೆ ಕೊಟ್ಟಿತು. ಹಾಗಿದ್ದೂ ತಮ್ಮ ಊರಿನ ಜಮೀನ್ದಾರನ ಅಂಗಳಕ್ಕಿಂತ ಈ ಕತ್ತಲೆಯೇ ವಾಸಿ ಎಂದು ಬಂದರಲ್ಲ, ಆ ಅಂಗಳ ಹೇಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

*

ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಕಲ್ಲು ತಾನೇ ಸುಡುತ್ತದೆ, 60 ಡಿಗ್ರಿ ದಾಟಿ. ಮೇಲಿನ ಭಾರ ತಾಳದೆ ಬಂಡೆ ಒಮ್ಮೆಗೇ ಸಿಡಿಯುವುದೂ ಇತ್ತು. ಗಣಿಯವರ ಬಾಯಲ್ಲಿ ಅದು ಏರ್ ಬ್ಲಾಸ್ಟ್. ಕೆಳಗೆ ಬಂಡೆ ಸಿಡಿದರೆ ಮೇಲೆ ಕಾರ್ಮಿಕರ ಲೈನ್ ಮನೆಗಳ ಪಾತ್ರೆ ಅಲುಗುತ್ತಿತ್ತು. ಪಾತ್ರೆ ಅಲುಗಿದ ಮೇಲೆ ಶಿಫ್ಟ್ ಮುಗಿಯುವ ತನಕ ಒಲೆಯ ಮುಂದೆ ಕೂತವಳ ಹೊತ್ತು ಹೇಗೆ ಕಳೆಯಿತು? ಗಣಿಯ ಲೆಕ್ಕದ ಪುಸ್ತಕದಲ್ಲಿ ಆ ಗಂಟೆಗಳಿಗೆ ಕಾಲಂ ಇಲ್ಲ. ಗಣಿ ಎಂದರೆ ಗಂಡಸರ ಕೆಲಸ ಎನ್ನುವವರು ಈ ಗಂಟೆಗಳನ್ನೂ ಎಣಿಸಲಿ.

*

1930ರಲ್ಲಿ ಸುಮಾರು ಮೂರು ವಾರ ಇಡೀ ಗಣಿ ನಿಂತಿತು. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಕಟ್ಟಳೆಯನ್ನು ಕಾರ್ಮಿಕರು ಒಪ್ಪಲಿಲ್ಲ. ಜೀವವನ್ನೇ ದಿನವೂ ಒತ್ತೆ ಇಟ್ಟವರು ಬೆರಳು ಕೊಡಲಿಲ್ಲ. ಮರ್ಯಾದೆ ಜೀವಕ್ಕಿಂತ ತೂಕದ್ದು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ನಂಬಿದ್ದು ಈ ಸಂಗತಿ ತಿಳಿದ ಮೇಲೆ.

*

ಆಕಾಶದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣದ ಗುರುತು 1965ರಲ್ಲಿ ಸಿಕ್ಕಿದ್ದು ಇದೇ ಚಾಂಪಿಯನ್ ರೀಫ್‌ನ ಆಳದಲ್ಲಿ. ಬೇರೆ ಕಣಗಳ ಗದ್ದಲವನ್ನು ಮೇಲಿನ ಕಲ್ಲು ತಡೆದು ನಿಲ್ಲಿಸಿತು, ಇದೊಂದು ಮಾತ್ರ ದಾಟಿ ಬಂತು. ಆ ಆಳಕ್ಕೆ ವಿಜ್ಞಾನಿಗಳು ಇಳಿದದ್ದು ಕಾರ್ಮಿಕರು ಕಡಿದ ದಾರಿಯಲ್ಲಿ. ಜ್ಞಾನಕ್ಕೂ ಸುರಂಗ ತೋಡುವವರು ಬೇಕು.

*

ಈ ಜಿಲ್ಲೆಯ ರೈತ ನೀರಿಗಾಗಿ ಸಾವಿರ ಅಡಿ ಬೋರ್ ಕೊರೆಸಿ ಬರಿಗೈಯಾಗಿದ್ದಾನೆ. ಪಂಪು ನಿಂತ ಗಣಿಯೊಳಗೆ ನೀರು ತಾನಾಗಿ ತುಂಬಿಕೊಂಡಿದೆ. ಎರಡೂ ಒಂದೇ ನೆಲ. ಇದನ್ನು ಯೋಚಿಸುತ್ತಾ ಗಾಡಿ ಓಡಿಸಿದರೆ ವೇಗ ತಾನೇ ಇಳಿಯುತ್ತದೆ.

*

ಕೆಜಿಎಫ್ ಸಿನಿಮಾ ನೋಡಿ ಬಂದವರು ಇಲ್ಲಿ ನಾಯಕನನ್ನು ಹುಡುಕುತ್ತಾರೆ. ಕೆಮ್ಮುತ್ತಾ ಜಗಲಿಯಲ್ಲಿ ಕೂತ ಹಿರಿಯರನ್ನು ದಾಟಿಯೇ ಹೋಗುತ್ತಾರೆ. ಕಲ್ಲಿನ ಪುಡಿ ಎದೆಯಲ್ಲಿ ನಿಂತರೆ ಇಳಿಯುವುದಿಲ್ಲ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಅವರ ಪಕ್ಕ ಕೂರಿ. ಕನ್ನಡ, ತಮಿಳು, ತೆಲುಗು ಮೂರನ್ನೂ ಬೆರೆಸಿ ಮಾತಾಡುತ್ತಾರೆ, ಬಂದವರ ಭಾಷೆ ಯಾವುದೆಂದು ಕಾಯುವುದಿಲ್ಲ.

*

ಹಾಳು ಬಿದ್ದ ಊರು ಎಂದು ಬರೆಯುವ ಮೊದಲು ಸಂಜೆ ತನಕ ಕಾಯಬೇಕು.

*

ಮಾರಿಕುಪ್ಪಂನಲ್ಲಿ ಹಳಿ ಮುಗಿಯುತ್ತದೆ. ಅಜ್ಜಂದಿರು ಗಣಿಯ ಕೇಜ್ ಹತ್ತಿ ಕೆಳಗೆ ಹೋಗುತ್ತಿದ್ದರು. ಮೊಮ್ಮಕ್ಕಳು ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕತ್ತಲಾದ ಮೇಲೆ ಗಾಡಿ ಬಂದು ನಿಲ್ಲುತ್ತದೆ. ಬ್ಯಾಗು, ಖಾಲಿ ಊಟದ ಡಬ್ಬಿ, ಕೈಯಲ್ಲಿ ಮಕ್ಕಳಿಗೆ ತಂದ ಬನ್ನಿನ ಪೊಟ್ಟಣ. ಇಳಿದವರು ಗುಡ್ಡದ ಪಕ್ಕದ ಕಾಲುದಾರಿ ಹಿಡಿದು ಲೈನಿನ ಕಡೆ ನಡೆಯುತ್ತಾರೆ, ಒಬ್ಬೊಬ್ಬರ ಮೊಬೈಲಿನ ಬೆಳಕೂ ಹಣೆಯ ದೀಪದಷ್ಟೇ ದೂರಕ್ಕೆ ಬೀಳುತ್ತದೆ.