ಮೂರು ಕಪ್ ಚಹಾ

ಬನದ ಹುಣ್ಣಿವಿಗೆ ಇನ್ನೂ ಎಂಟು ದಿನ ಇತ್ತು. ಆ ಹೊತ್ತಿಗೆ ಮುನವಳ್ಳಿಯ ಗ್ಯಾರೇಜುಗಳಲ್ಲಿ ಯಾರಿಗೂ ಪುರಸೊತ್ತು ಇರುವುದಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಗಾಡಿಗಳು, ಕಬ್ಬು ಹೇರುವ ಟ್ರ್ಯಾಕ್ಟರುಗಳು, ನಡುವೆ ಪಂಕ್ಚರಾದ ಟಂಟಂ. ಅಂಥದರಲ್ಲಿ ನಾನು ನನ್ನ ಹಳೆಯ ಡೀಸೆಲ್ ಕಾರಿನ ಟೈಮಿಂಗ್ ಬೆಲ್ಟ್ ಹಾಕಿಸಲು ಹೋಗಿ ಕುಳಿತಿದ್ದೆ. ಗುಡ್ಡಕ್ಕೆ ಹೋಗಲು ಬೀಗರು ಬರುವವರಿದ್ದರು, ನನಗೂ ಅವಸರ.

ಬೆಲ್ಟಿನ ಕೆಲಸ ಸಣ್ಣದಲ್ಲ. ಕೆಳಗೆ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಮೇಲೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಹಲ್ಲಿರುವ ಒಂದು ರಬ್ಬರ್ ಪಟ್ಟಿ. 1962ರ ಸುಮಾರಿಗೆ ಜರ್ಮನಿಯ ಗ್ಲಾಸ್ ಕಂಪನಿ ತನ್ನ 1004 ಕಾರಿನಲ್ಲಿ ಚೈನಿನ ಬದಲು ಇಂಥ ಪಟ್ಟಿ ಹಾಕಿದಾಗ, ಎಂಜಿನ್ನಿನ ಜೀವ ರಬ್ಬರಿನ ಮೇಲೆ ನಿಲ್ಲುವುದೇ ಎಂದು ಹುಬ್ಬೇರಿಸಿದವರು ಇದ್ದಿರಲೇಬೇಕು. ನಿಂತಿತು. ನಮ್ಮಲ್ಲಿ ಮಾರುತಿ 800 ಓಡಿದ್ದೂ ಅದರ ಮೇಲೆಯೇ. ಆದರೆ ಪಟ್ಟಿಯೊಂದೇ ಸಾಲದು, ಅದನ್ನು ಹದವಾಗಿ ಒತ್ತಿ ಹಿಡಿಯಲು ಒಂದು ಗಾಲಿ ಬೇಕು. ಅದೇ ಟೆನ್ಷನರ್. ನನ್ನ ಗಾಡಿಯಲ್ಲಿ ಅದಕ್ಕೊಂದು ಸ್ಪ್ರಿಂಗು, ಅದನ್ನು ಭದ್ರ ಮಾಡಲು ಬೋಲ್ಟು. ಬೋಲ್ಟು ಸಡಿಲ ಬಿಟ್ಟರೆ ಸ್ಪ್ರಿಂಗು ತಾನೇ ಬೆಲ್ಟಿನ ಜೋಲು ಎಳೆದುಕೊಳ್ಳುತ್ತದೆ. ಆಮೇಲೆ ಎಂಜಿನ್ ಓಡುವ ದಿಕ್ಕಿನಲ್ಲೇ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಗುರುತು ಗುರುತಿಗೆ ಕೂಡಿದೆಯೇ ನೋಡಿ, ಬೋಲ್ಟು ಬಿಗಿಯಬೇಕು. ಹಿಮ್ಮುಖ ತಿರುಗಿಸಬಾರದು.

ಗ್ಯಾರೇಜಿನ ಹುಡುಗ ಎರಡು ಸುತ್ತು ತಿರುಗಿಸಿದ. ಗುರುತು ನೋಡಿದ. ಬೋಲ್ಟನ್ನು ಬೆರಳಿನಿಂದ ತಿರುಗಿಸುತ್ತ ರಿಂಗ್ ಪಾನಾಕ್ಕೆ ಕೈ ಚಾಚಿದ. ಆಗ ನಾನು ಅಂದೆ: “ತಮ್ಮಾ, ಅಷ್ಟ ಓಡಿ ಹೋಗಿ ಮೂರ ಕಪ್ ಚಹಾ ತಗೊಂಡ ಬಾ.”

ಅವನು ಹೋದ. ಅವನು ಬರುವಷ್ಟರಲ್ಲಿ ಮಿಸ್ತ್ರಿ ಇನ್ನೊಂದು ಗಾಡಿಯಿಂದ ಎದ್ದು ಬಂದು, ಬೆಲ್ಟು ಕೂತಿದ್ದನ್ನು ಕಂಡು, ಕವರ್ ಹಾಕಿ ತಿರುಪು ಮೊಳೆ ಬಿಗಿದುಬಿಟ್ಟಿದ್ದ. ಚಹಾ ಚೆನ್ನಾಗಿತ್ತು.

ಒಂದು ತಿಂಗಳು ಏನೂ ಆಗಲಿಲ್ಲ. ಭರತ ಹುಣ್ಣಿವಿಯ ಹೊತ್ತಿಗೆ ಮುಂಜಾನೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು, ಬಿಸಿಯಾದ ಮೇಲೆ ನಿಲ್ಲುತ್ತಿತ್ತು. ನಿಂತಿತಲ್ಲ ಎಂದು ನಾನೂ ಸುಮ್ಮನಾದೆ. ನಾವು ಸದ್ದಿಗೆ ಹೆದರುವಷ್ಟು ದೋಷಕ್ಕೆ ಹೆದರುವುದಿಲ್ಲ. ನಾಲ್ಕಾರು ದಿನಕ್ಕೆ ಪಿಕಪ್ ಇಳಿಯಿತು, ಏರಿನಲ್ಲಿ ಗಾಡಿ ಹೊಗೆ ಕಾರತೊಡಗಿತು. ಆಗ ಗ್ಯಾರೇಜಿಗೆ ಹೋದೆ.

ಮಿಸ್ತ್ರಿ ಏನನ್ನೂ ಬಿಚ್ಚಲಿಲ್ಲ, ಮೊದಲು ಕೇಳಿದ. ಟ್ಯಾಪೆಟ್ ಇರಬಹುದು ಅಂದ. ಹೊರಗಿನ ಫ್ಯಾನ್ ಬೆಲ್ಟ್ ತೆಗೆದು ಅರೆಗಳಿಗೆ ಸ್ಟಾರ್ಟ್ ಮಾಡಿಸಿದ. ಸದ್ದು ಹಾಗೇ ಇತ್ತು, ಅಂದರೆ ಅದು ಡೈನಮೋದ್ದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆ ಕಿವಿಗೆ ಹಚ್ಚಿ, ಅಲ್ಲಿಷ್ಟು ಇಲ್ಲಿಷ್ಟು ಸರಿಸುತ್ತ ಬಂದ. ಟೈಮಿಂಗ್ ಕವರಿನ ಹತ್ತಿರ ಬಂದಾಗ ಅವನ ಮುಖ ಬದಲಾಯಿತು. “ಬಂದ್ ಮಾಡ್ರಿ ಮಾಸ್ತರ,” ಅಂದ.

ಕವರ್ ತೆಗೆದರೆ ಒಳಗೆಲ್ಲ ಕಾಡಿಗೆಯಂಥ ಕರೀ ಪುಡಿ, ಬೆಲ್ಟಿನ ಒಂದು ಅಂಚು ಸವೆದು ಮಿರುಗುತ್ತಿತ್ತು. ಎರಡು ಗಾಲಿಗಳ ನಡುವೆ, ಉದ್ದವಿರುವ ಕಡೆ, ಹೆಬ್ಬೆರಳು ತೋರುಬೆರಳಿನಿಂದ ಹಿಡಿದು ತಿರುಚಿದ. ಹದವಾಗಿದ್ದ ಬೆಲ್ಟು ಕಾಲು ಸುತ್ತಿಗೆ ನಿಲ್ಲಬೇಕಂತೆ. ಇದು ಅಂಗಾತ ಮಲಗುವಷ್ಟು ತಿರುಗಿತು. ಟೆನ್ಷನರಿನ ಬೋಲ್ಟಿಗೆ ಪಾನಾ ಹಾಕುವ ಮೊದಲೇ ಬೆರಳಿಗೆ ಅದು ಅಲುಗಾಡಿತು. ಮೇಲಿನ ಗುರುತು ಒಂದು ಹಲ್ಲು ಹಿಂದೆ ಬಿದ್ದಿತ್ತು.

“ಇನ್ನೊಂದ ಹಲ್ಲ ಜಿಗದಿದ್ರ ಹೆಡ್ ಬಿಚ್ಚೂದ ಇತ್ತರಿ.”

ಉತ್ಪ್ರೇಕ್ಷೆ ಇದ್ದರೂ ಇರಲಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ಇರುವ ಸಂದು ಒಂದು ಮಿಲಿಮೀಟರಿನ ಆಸುಪಾಸು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ಓಡುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ಬಾಯಿ ತೆರೆದು ಮುಚ್ಚುತ್ತದೆ. ವೇಳೆ ತಪ್ಪಿ ತೆರೆದರೆ ಪಿಸ್ಟನ್ನು ಬಂದು ಗುದ್ದುತ್ತದೆ, ವಾಲ್ವು ಬಾಗುತ್ತದೆ.

ಗುಡ್ಡದ ಜೋಗಮ್ಮಂದಿರ ಚೌಡಿಕೆ ನೆನಪಾಯಿತು. ತಂತಿ ಸಡಿಲಾದರೆ ಸೊಲ್ಲು ಕೆಡುತ್ತದೆ, ಅತಿಯಾಗಿ ಬಿಗಿದರೆ ಹರಿಯುತ್ತದೆ. ಆದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಚೌಡಿಕೆ ತಪ್ಪಿದರೆ ಕುಳಿತವರಿಗೆಲ್ಲ ಕೇಳುತ್ತದೆ. ಬೆಲ್ಟು ಕವರಿನೊಳಗೆ ತಪ್ಪುತ್ತದೆ.

ಮಿಸ್ತ್ರಿ ಹುಡುಗನನ್ನು ಕರೆದ. ನಾಲ್ಕು ಜನರೆದುರು ಬೈದ. “ಕೈಲೆ ತಿರುವಿ ಬಿಟ್ಟಿಯಲೇ, ಪಾನಾ ಏನ ಪೂಜಾಕ್ಕ ಇಟ್ಟೀಯೇನ?” ಹುಡುಗ ನನ್ನ ಕಡೆ ಒಮ್ಮೆ ನೋಡಿದ. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಸಿಟ್ಟಿನಲ್ಲಿ ಮಿಸ್ತ್ರಿ ತಾನೇ ಹೊಸ ಬೆಲ್ಟು ಹಾಕಿ ಟೆನ್ಷನರನ್ನು ಸನ್ನೆಗೋಲಿನಿಂದ ಒತ್ತಿ ಬಿಗಿದ. ಸ್ಟಾರ್ಟ್ ಮಾಡಿದರೆ ಟಕಟಕ ಮಾಯ, ಬದಲಿಗೆ ಸೊಳ್ಳೆಯಂಥ ಸಣ್ಣ ಗುಂಯ್. ನನಗೆ ಸಮಾಧಾನ. ಅವನಿಗಾಗಲಿಲ್ಲ. ಒಂದು ಬೀಡಿ ಸೇದಿ ಮುಗಿಸಿ ಮತ್ತೆ ಕವರ್ ಬಿಚ್ಚಿದ. ಅಷ್ಟು ಬಿಗಿದರೆ ಗಾಲಿಯ ಬೇರಿಂಗು ಸುಡುತ್ತದಂತೆ. ಬೋಲ್ಟು ಸಡಿಲಿಸಿ, ಸ್ಪ್ರಿಂಗು ಎಳೆದಷ್ಟಕ್ಕೇ ಬಿಟ್ಟು, ಎರಡು ಸುತ್ತು ತಿರುಗಿಸಿ, ಗೋಡೆಯ ಮೊಳೆಗೆ ತೂಗಿಹಾಕಿದ್ದ ಟಾರ್ಕ್ ರೆಂಚಿನ ಧೂಳು ಒರೆಸಿ ಬಿಗಿದ. ಸಡಿಲಿನ ಸಿಟ್ಟಿಗೆ ಅತಿ ಬಿಗಿದವರನ್ನು ನಾನು ಬಹಳ ಕಂಡಿದ್ದೇನೆ. ಮೂವತ್ತು ವರ್ಷ ಸಾಲಿಯಲ್ಲಿ ನಾನೂ ಅದನ್ನೇ ಮಾಡಿದವನು. ಬಿಗಿದದ್ದನ್ನು ಅದೇ ದಿನ ಬಿಚ್ಚಿದ್ದು ನೆನಪಿಲ್ಲ.

ಮಿಸ್ತ್ರಿ ನನ್ನಿಂದ ಮಜೂರಿ ತೆಗೆದುಕೊಳ್ಳಲಿಲ್ಲ, ಬೆಲ್ಟಿನ ದುಡ್ಡೂ ಬೇಡ ಅಂದ. ನಾನು ಬೇಡವೆನ್ನದೆ ಕಿಸೆಗೆ ಹಾಕಿಕೊಂಡೆ. ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಚಹಾ ತರಿಸಿದ್ದಲ್ಲ. ಕೆಲಸದ ನಡುವೆ ಹುಡುಗರನ್ನು ಎಬ್ಬಿಸುವುದು ನಮ್ಮಲ್ಲಿ ತಪ್ಪೆಂದೇ ಯಾರಿಗೂ ಅನ್ನಿಸುವುದಿಲ್ಲ, ನನಗೂ ಅನ್ನಿಸಿರಲಿಲ್ಲ. ಆದರೆ ಹುಡುಗ ನನ್ನ ಕಡೆ ನೋಡಿದ ಆ ಗಳಿಗೆಯಲ್ಲಿ ನನಗೆ ಎಲ್ಲ ಗೊತ್ತಿತ್ತು. ಎರಡು ತಿಂಗಳು ಅವನಿಗೆ ಎಂಜಿನ್ ಮುಟ್ಟಲು ಕೊಡಲಿಲ್ಲ. ಪಂಕ್ಚರ್ ಹಚ್ಚುವುದು, ಸಾಮಾನುಗಳನ್ನು ಡೀಸೆಲ್ಲಿನಲ್ಲಿ ತೊಳೆಯುವುದು. ಮಜೂರಿ ಉಳಿದದ್ದು ನನಗೆ, ದಂಡ ಬಿದ್ದದ್ದು ಅವನಿಗೆ.

ಯುಗಾದಿ ಕಳೆದ ಮೇಲೆ ಆಯಿಲ್ ಬದಲಿಸಲು ಹೋದಾಗ ಹೇಳಿದೆ. ಬೆಲ್ಟಿನ ದುಡ್ಡು, ಮಜೂರಿ ಎರಡನ್ನೂ ಮುಂದಿಟ್ಟು, ಅವತ್ತು ಹುಡುಗನನ್ನು ಎಬ್ಬಿಸಿದವನು ನಾನು ಅಂದೆ.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನಕ್ಕ. “ಗೊತ್ತೈತ್ರಿ ಮಾಸ್ತರ. ಆ ಮೂರ ಕಪ್ಪಿನ್ಯಾಗ ಒಂದ ನಾನ ಕುಡಿದೇನಲ್ಲ.”

ಹುಡುಗ ಆಚೆ ಯಾವುದೋ ಗಾಡಿಯ ಬೋಲ್ಟು ಬಿಗಿದು, ಅದರ ತಲೆಯ ಮೇಲೆ ಬಿಳಿ ಬಣ್ಣದ ಗೀಟು ಎಳೆಯುತ್ತಿದ್ದ. ಯಾರೋ ಹೊರಗಿನಿಂದ ಕೂಗಿದರು. ಗೀಟು ಮುಗಿಯುವವರೆಗೂ ಅವನು ತಲೆ ಎತ್ತಲಿಲ್ಲ.