ಉಣ್ಣುವ ಮೊದಲು

ಕಸ್ತೂರಬಾ ರಸ್ತೆಯ ಕೆಂಪು ಮ್ಯೂಸಿಯಮ್ಮಿನಲ್ಲಿ ಒಂದು ಕಲ್ಲಿದೆ. ಮದ್ದೂರು ಸೀಮೆಯ ಆತಕೂರಿನದು. ನಾಯಿಯೂ ಕಾಡುಹಂದಿಯೂ ಹೋರಾಡುತ್ತಿರುವ ಕೆತ್ತನೆ, ಅದರ ಸುತ್ತ ಹಳಗನ್ನಡದ ಅಕ್ಷರಗಳು. ಕ್ರಿ.ಶ. 949-50ರ ಶಾಸನ. ಹತ್ತಿರದ ಬ್ಯಾಂಕೊಂದರ ಕ್ಯಾಶ್ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದ ನಾನು ಊಟದ ಬಿಡುವಿನಲ್ಲಿ ವಾರಕ್ಕೊಮ್ಮೆಯಾದರೂ ಅದರ ಮುಂದೆ ನಿಂತು ಬರುತ್ತಿದ್ದೆ. ಬಂದ ಮೇಲೆಯೇ ಡಬ್ಬಿ ತೆಗೆಯುವುದು. ಜೊತೆಯಲ್ಲಿ ಉಣ್ಣುತ್ತಿದ್ದವರಿಗೆ ಇದು ಬಿಡಿಸಲಾಗದ ಒಗಟಾಗಿತ್ತು. "ಅಲ್ಲೇನು ದೇವರಿದೆಯೇನ್ರೀ?" ಎಂದು ಒಬ್ಬರು ಕೇಳಿಯೇಬಿಟ್ಟರು. ಅವರು ಸುಮ್ಮನೆ ಕೇಳಿದ್ದಿರಬಹುದು. ನನಗೆ ಮಾತ್ರ ಆ ಪ್ರಶ್ನೆ ಅಂದಿನಿಂದ ಜೊತೆಗೇ ಬಂದಿದೆ, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ಆ ಕಲ್ಲಿನ ಕಥೆ ಹೀಗೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ಮಣಲರನೆಂಬ ವೀರ ಆ ಕಾಳಗದಲ್ಲಿ ಚೆನ್ನಾಗಿ ಹೋರಾಡಿದ. ಮೆಚ್ಚಿ, ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟರು, ಎರಡು ಖಂಡುಗ ಭೂಮಿ ಬಿಟ್ಟರು. ಕೊನೆಗೆ ಒಂದು ಕಟ್ಟು ಬರೆಸಿದರು: ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ.

ಈ ಕೊನೆಯ ಮಾತನ್ನು ಮೊದಲ ಸಲ ತಿಳಿದಾಗ ನನ್ನ ಮೈ ಜುಮ್ಮೆಂದಿತು. ಕೆತ್ತಿದ ರೂವಾರಿಯ ಕೈ ದೊಡ್ಡದು, ಒಪ್ಪುತ್ತೇನೆ. ಆದರೆ ಕೆತ್ತಿಸಿದವರಿಗೆ ಅಷ್ಟರಿಂದಲೇ ಸಮಾಧಾನವಾಗಿರಲಿಲ್ಲ. ಕಲ್ಲು ನಿಂತರೆ ಸಾಲದು, ಅದನ್ನು ದಿನವೂ ನೋಡುವ ಒಬ್ಬ ಮನುಷ್ಯ ಬೇಕು, ಅವನ ಹಸಿವಿಗೇ ಆ ನೋಟವನ್ನು ಕಟ್ಟಿಹಾಕಬೇಕು ಎಂದು ಅವರಿಗೆ ಹೊಳೆದಿತ್ತು.

ನಮ್ಮ ಊರೂ ಮಂಡ್ಯದ ಕಡೆಯದೇ. ಗದ್ದೆಯ ಮೂಲೆಯಲ್ಲಿ ಒಂದು ವೀರಗಲ್ಲಿತ್ತು. ಯಾರದ್ದೆಂದು ಗೊತ್ತಿಲ್ಲ, ಅಕ್ಷರಗಳು ಸವೆದುಹೋಗಿದ್ದವು. ಕತ್ತಿ ಹಿಡಿದವನ ಮೊಣಕಾಲು ಮಾತ್ರ ಕೈಗೆ ಸ್ಪಷ್ಟವಾಗಿ ಸಿಗುತ್ತಿತ್ತು, ಉಳಿದದ್ದೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ನಮ್ಮ ತಾತ ಸೋಮವಾರ ಸೋಮವಾರ ಕಾಲುವೆಯಿಂದ ಚೊಂಬಿನಲ್ಲಿ ನೀರು ತಂದು ಅದರ ತಲೆಗೆ ಹೊಯ್ದು, ಅಂಗೈಯಿಂದ ಎಣ್ಣೆ ತಿಕ್ಕಿ, ಬದುವಿನ ಮೇಲಿನ ಯಾವುದಾದರೂ ಹೂ ಇಟ್ಟು ಆಮೇಲೆ ಮುದ್ದೆಗೆ ಕೂರುತ್ತಿದ್ದ. "ಯಾರು ತಾತ ಇವ್ನು?" ಎಂದರೆ "ಯಾರೋ ಕಣವ್ವ, ನಮಗ್ ಮುಂಚೆ ಈ ನೆಲ್ದಾಗೆ ಬಿದ್ದೋನು. ನೀರ್ ಹಾಕ್ದೆ ಉಂಡ್ರೆ ಮೈಗ್ ಹತ್ತಾಕಿಲ್ಲ" ಎನ್ನುತ್ತಿದ್ದ. ತಾತನಿಗೆ ಓದು ಬರುತ್ತಿರಲಿಲ್ಲ. ಆತಕೂರಿನ ಶಾಸನವನ್ನು ಅವನು ನೋಡಿರಲೂ ಇಲ್ಲ, ಕೇಳಿರಲೂ ಇಲ್ಲ. ಆದರೂ ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಬರೆಸಿದ ಮಾತೇ ಅವನ ಬಾಯಲ್ಲಿತ್ತು. ನಾನು ಡಬ್ಬಿ ತೆಗೆಯುವ ಮೊದಲು ಮ್ಯೂಸಿಯಮ್ಮಿಗೆ ಹೋಗುತ್ತಿದ್ದುದು ಇದರಿಂದ. ದೇವರ ವಿಚಾರ ಆಮೇಲಿನದು.

ಆ ವಿಚಾರಕ್ಕೂ ಬರಬೇಕು. ಆಗಮ ಬಲ್ಲವರನ್ನು ಕೇಳಿದರೆ ಖಚಿತವಾದ ಉತ್ತರವೇ ಸಿಗುತ್ತದೆ. ಪ್ರಾಣಪ್ರತಿಷ್ಠೆ ಆಗುವ ತನಕ ವಿಗ್ರಹ ಬರೀ ಕಲ್ಲು ಅಥವಾ ಲೋಹ. ಗುಡಿ ಜೀರ್ಣವಾಗಿ ಮೂರ್ತಿಯನ್ನು ಕದಲಿಸಬೇಕಾದರೆ ಮೊದಲು ಅದರ ಶಕ್ತಿಯನ್ನು ಕಲಶದ ನೀರಿಗೆ ಇಳಿಸಿಕೊಳ್ಳುತ್ತಾರೆ. ಅದಕ್ಕೆ ಕಲಾಕರ್ಷಣ ಎಂದು ಹೆಸರು. ಗೌರಿ ಗಣೇಶನ ಹಬ್ಬದಲ್ಲಿ ನಮ್ಮ ಮನೆಗಳಲ್ಲಿ ಇನ್ನೂ ಸಲೀಸಾಗಿ ಇದನ್ನೇ ಮಾಡುತ್ತೇವೆ. ಕರೆದು ಕೂರಿಸುತ್ತೇವೆ, ಉಪಚಾರ ಮಾಡುತ್ತೇವೆ, ವಿಸರ್ಜನೆಯ ಮಂತ್ರ ಹೇಳಿ ಸ್ವಲ್ಪ ಅಲುಗಿಸಿದರೆ ಅದು ಮತ್ತೆ ಮಣ್ಣು. ಈ ಲೆಕ್ಕದಲ್ಲಿ ಮ್ಯೂಸಿಯಮ್ಮಿಗೆ ಬಂದ ಮೂರ್ತಿಯಲ್ಲಿ ದೇವರಿಲ್ಲ, ಉಳಿದಿರುವುದು ಕಲೆ ಮಾತ್ರ.

ಆದರೆ ಕಲೆ ಎಂಬ ಆ ಮಾತನ್ನೇ ನೋಡಿ. ಮೂರ್ತಿಯಿಂದ ಸೆಳೆದುಕೊಳ್ಳುವ ದೈವಾಂಶಕ್ಕೂ ಕಲಾ ಎಂದೇ ಹೆಸರು, ಶಿಲ್ಪಿಯ ವಿದ್ಯೆಗೂ ಕಲಾ ಎಂದೇ ಹೆಸರು. ಚಂದ್ರನ ಹದಿನಾರು ಕಲೆ ಎನ್ನುವಾಗಲೂ ಅದೇ ಶಬ್ದ. ಮುಖದಲ್ಲಿ ಕಳೆಯಿದೆ ಎನ್ನುವಾಗ ನಮ್ಮ ಅಜ್ಜಿಯರು ಅದನ್ನೇ ಇನ್ನಷ್ಟು ಹತ್ತಿರಕ್ಕೆ ತಂದುಕೊಂಡಿದ್ದಾರೆ. ಒಂದು ಕಲೆಯನ್ನು ಕಲಶಕ್ಕೆ ಇಳಿಸಿ ಇನ್ನೊಂದನ್ನು ಕಲ್ಲಿನಲ್ಲೇ ಬಿಡುವಷ್ಟು ಇವು ಬೇರೆ ಬೇರೆಯೇ? ನನಗೆ ಹಾಗೆ ಅನಿಸುವುದಿಲ್ಲ. ಹೊಯ್ಸಳ ಶಿಲ್ಪಿ ಬೆರಳಿನ ಉಗುರಿನ ತುದಿಯನ್ನೂ ಬಿಡದೆ ಕೆತ್ತಿದ್ದಾನಲ್ಲ, ಆ ಲಕ್ಷ್ಯವೂ ಒಂದು ಪೂಜೆಯೇ. ಅದನ್ನು ಯಾವ ಕಲಶದೊಳಕ್ಕೂ ಇಳಿಸಿಕೊಳ್ಳಲಾಗದು.

ಕಲಾಚರಿತ್ರೆಯ ವಿದ್ವಾಂಸ ಆನಂದ ಕುಮಾರಸ್ವಾಮಿಯವರು ಮ್ಯೂಸಿಯಮ್ಮಿಗೆ ಬಂದ ಇಂಥ ಮೂರ್ತಿಗಳ ಬಗ್ಗೆ ಕಟ್ಟುನಿಟ್ಟಾಗಿ ಬರೆದಿದ್ದಾರೆ. ಇವೆಲ್ಲ ಬಳಕೆಗೆ ಮಾಡಿದ ವಸ್ತುಗಳು, ಮ್ಯೂಸಿಯಮ್ಮಿನಲ್ಲಿ ಇಡಲೆಂದು ಯಾರೂ ಮಾಡಲಿಲ್ಲ ಎಂಬುದು ಅವರ ವಾದ. ಹಾಗೆಂದವರು 1917ರಿಂದ 1947ರಲ್ಲಿ ತೀರಿಕೊಳ್ಳುವವರೆಗೆ ಬಾಸ್ಟನ್ನಿನ ಮ್ಯೂಸಿಯಮ್ಮೊಂದರಲ್ಲೇ ಕೆಲಸ ಮಾಡಿದರು. ಇದರಲ್ಲಿ ವಿರೋಧ ಕಾಣುವವರಿದ್ದಾರೆ. ನನಗೆ ಕಾಣುವುದು ಕಾವಲು. ವಸ್ತು ತನ್ನ ಜಾಗ ಬಿಟ್ಟು ಬಂದಿದೆ ಎಂದು ಬಲ್ಲವನೇ ಅದರ ಪಕ್ಕ ಇರಬೇಕು.

ಈಗ ನಗರದ ಕಡೆ ತಿರುಗುತ್ತೇನೆ. ಬೆಂಗಳೂರಿನ ನಡುಭಾಗಕ್ಕೆ ಕಲೆಯನ್ನು ತರಬೇಕೆಂಬ ಮಾತು ಹೊಸದೇನಲ್ಲ. ಸರ್ಕಾರಿ ಮ್ಯೂಸಿಯಂ ಶುರುವಾದದ್ದು 1865ರಲ್ಲಿ. ಅದರ ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ. 2023ರಲ್ಲಿ ಅದೇ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಬಾಗಿಲು ತೆರೆಯಿತು, ಉಕ್ಕಿನ ಹಲಗೆ ಹೊದ್ದು ನೀರಿನ ಟ್ಯಾಂಕಿನ ಹಾಗೆ ನಿಂತಿರುವ ಕಟ್ಟಡ ಅದು. ಇದರಿಂದ ಪ್ರವಾಸಿಗರು ಬರುತ್ತಾರೆ, ಸುತ್ತಲಿನ ವ್ಯಾಪಾರ ಬೆಳೆಯುತ್ತದೆ ಎನ್ನುತ್ತಾರೆ. ಬೆಳೆಯಲಿ. ನಾನು ಬ್ಯಾಂಕಿನವಳು, ಆ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಅದೊಂದೇ ಕಾರಣವಾದರೆ ಕಲೆಯ ಬದಲು ಇನ್ನೇನನ್ನಾದರೂ ತಂದಿಟ್ಟರೂ ನಡೆಯುತ್ತದೆ.

ನನ್ನ ಕಾರಣ ಬೇರೆ, ಅದು ಸಿಕ್ಕಿದ್ದು ತೇರಿನ ಬೀದಿಯಲ್ಲಿ. ನಮ್ಮ ಗುಡಿಗಳಲ್ಲಿ ದೇವರಿಗೆ ಎರಡು ಮೂರ್ತಿ. ಗರ್ಭಗುಡಿಯ ಮೂಲಮೂರ್ತಿ ಕದಲುವುದಿಲ್ಲ. ಉತ್ಸವಮೂರ್ತಿ ಬೀದಿಗೆ ಬರುತ್ತದೆ. ಹಾಸಿಗೆ ಹಿಡಿದವರು, ಬಾಣಂತಿಯರು, ಅಂಗಡಿ ಬಿಟ್ಟು ಏಳಲಾಗದವರು, ಇವರ್ಯಾರೂ ಗುಡಿಗೆ ಬರಲಾರರೆಂದು ದೇವರೇ ಎದ್ದು ಬರುವುದು. ಎಂಥ ದೊಡ್ಡ ಮನಸ್ಸಿನ ಕಲ್ಪನೆ ಇದು! ಆದರೆ ಪೂರ್ತಿ ಹೇಳಬೇಕು. ಗುಡಿಯೊಳಗೆ ಕಾಲಿಡಲು ನಾವು ಬಿಡದಿದ್ದವರಿಗೂ ದೇವರು ಕಾಣುತ್ತಿದ್ದುದು ಬೀದಿಯಲ್ಲೇ. ನಮ್ಮ ಊರಿನಲ್ಲಿ ಉತ್ಸವ ಕೇರಿಯ ತಿರುವಿನ ತನಕ ಹೋಗಿ ಹಿಂದಕ್ಕೆ ಬರುತ್ತಿತ್ತು. ತಿರುವಿನ ಆಚೆ ಜನ ಮಕ್ಕಳನ್ನು ಹೆಗಲ ಮೇಲೆ ಎತ್ತಿಕೊಂಡು ನಿಂತಿರುತ್ತಿದ್ದರು. ಆಗ ನನಗೆ ಎಂಟೊಂಬತ್ತು ವರ್ಷ, ಪಲ್ಲಕ್ಕಿಯ ಪಕ್ಕದಲ್ಲೇ ನಡೆಯುತ್ತಿದ್ದೆ. ನೂರು ಹೆಜ್ಜೆ ದೂರದಿಂದ ಅವರಿಗೆ ಕಂಡದ್ದಾದರೂ ಏನು? ದೀವಟಿಗೆಯ ಬೆಳಕು, ಬಿಳಿ ಕೊಡೆ, ಅಷ್ಟೇ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ದೇವರು ಬೀದಿಗೆ ಬಂದರೆ ಮುಗಿಯಲಿಲ್ಲ, ಯಾವ ಬೀದಿಯ ತನಕ ಬಂದ ಎಂದು ಕೇಳಲೇಬೇಕು.

ಬೆಂಗಳೂರಿಗೆ ಬಂದ ಮೊದಲ ವರ್ಷ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ನೋಡಲು ಹೋಗಿದ್ದೆ. ಪೇಟೆಯ ಜವಳಿ ಅಂಗಡಿಯೊಂದರ ಜಗಲಿಯ ಮೇಲೆ ಜಾಗ ಸಿಕ್ಕಿತ್ತು. ಬಹಳ ಹೊತ್ತು ಜನರ ತಲೆಯ ಹೊರತು ಏನೂ ಕಾಣಲಿಲ್ಲ. ಆಮೇಲೆ ಮೊದಲು ಬಂದದ್ದು ಮಲ್ಲಿಗೆಯ ಪರಿಮಳ, ಅದರ ಹಿಂದೆ ಗೋವಿಂದಾ ಗೋವಿಂದಾ ಎಂಬ ಕೂಗು, ಕತ್ತಿ ಹಿಡಿದ ವೀರಕುಮಾರರು, ನಡುವೆ ಹೆಣ್ಣಿನ ಉಡುಗೆಯಲ್ಲಿ ಹೂವಿನ ಗೋಪುರ ಹೊತ್ತವನು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೆ ಹೋದ. ಮಲ್ಲಿಗೆಯ ಎರಡು ಹೂ ನನ್ನ ಹೆಗಲ ಮೇಲೆ ಬಿದ್ದವು. ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಪೇಟೆ ಸುತ್ತಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ನಮ್ಮ ಊರಿನ ಪಲ್ಲಕ್ಕಿ ತಿರುವಿನಲ್ಲೇ ನಿಂತಿತ್ತು, ಇದು ನಿಲ್ಲಲಿಲ್ಲ. ಅವತ್ತು ರಾತ್ರಿ ನನಗೆ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಜನವರಿಯ ಚಿತ್ರಸಂತೆಯಲ್ಲೂ ಬೀದಿಗೆ ಬರುವ ಆ ಗುಣ ಸ್ವಲ್ಪ ಇದೆ. 2003ರಿಂದ ಚಿತ್ರಕಲಾ ಪರಿಷತ್ತಿನವರು ನಡೆಸಿಕೊಂಡು ಬಂದಿದ್ದಾರೆ. ಕುಮಾರಕೃಪಾ ರಸ್ತೆಯಲ್ಲಿ ಒಂದು ದಿನ ವಾಹನಗಳಿಲ್ಲ, ಬೇಲಿಗೆ ಒರಗಿಸಿದ ಚಿತ್ರಗಳು. ಬಿಎಂಟಿಸಿ ಬಸ್ಸಿನಲ್ಲಿ ಒಬ್ಬ ಹುಡುಗ ನ್ಯೂಸ್ ಪೇಪರಿನಲ್ಲಿ ಸುತ್ತಿದ ಚಿತ್ರವನ್ನು ಮಡಿಲಲ್ಲಿ ನಿಲ್ಲಿಸಿಕೊಂಡು, ಬ್ರೇಕ್ ಹಾಕಿದಾಗಲೆಲ್ಲ ಎರಡೂ ಕೈಯಿಂದ ಅಪ್ಪಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ.

ಇಷ್ಟೆಲ್ಲ ಯೋಚಿಸುವ ನಾನು ಒಂದನ್ನು ವರ್ಷಗಟ್ಟಲೆ ಗಮನಿಸಿರಲಿಲ್ಲ. ಮ್ಯೂಸಿಯಮ್ಮಿನಿಂದ ಸ್ವಲ್ಪ ಈಚೆ ಫುಟ್‌ಪಾತಿನಲ್ಲಿ ಒಬ್ಬ ಹೆಂಗಸು ಸೀಬೆಹಣ್ಣು ಮಾರುತ್ತಿದ್ದಳು. ನಾಲ್ಕಾಗಿ ಸೀಳಿ ಉಪ್ಪು ಖಾರ ಹಾಕಿ ಕೊಡುತ್ತಿದ್ದಳು. ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಒಂದು ಮಧ್ಯಾಹ್ನ ಅವಳೇ ಕೇಳಿದಳು: "ದಿನಾ ಒಳಗೋಗ್ತೀರಲ್ಲ ಅಕ್ಕ, ಏನೈತೆ ಅಲ್ಲಿ?"

"ನೀನು ನೋಡೇ ಇಲ್ವಾ?"

"ನಮ್ಮನ್ನೆಲ್ಲ ಬಿಡ್ತಾರಾ?"

ಅವಳನ್ನು ಯಾರೂ ತಡೆದಿರಲಿಲ್ಲ. ಬಾ ಎಂದೂ ಯಾರೂ ಕರೆದಿರಲಿಲ್ಲ, ನಾನೂ ಕರೆದಿರಲಿಲ್ಲ. ಅಷ್ಟು ವರ್ಷ ಆ ಕಲ್ಲಿನ ಮುಂದೆ ನಿಂತು ಬಂದವಳಿಗೆ, ಬಾಗಿಲ ಹತ್ತಿರವೇ ಕೂತವಳನ್ನು ಒಂದು ಸಲ ಕೇಳಬೇಕೆಂದು ತೋಚಲಿಲ್ಲವಲ್ಲ! ತಿರುವಿನಲ್ಲಿ ನಿಂತ ಪಲ್ಲಕ್ಕಿ ನೆನಪಾಗಿ ಗಂಟಲು ಕಟ್ಟಿತು. ಪಕ್ಕದ ಎಳನೀರಿನವನಿಗೆ ಬುಟ್ಟಿ ನೋಡಿಕೊಳ್ಳಲು ಹೇಳಿ ಅವಳನ್ನು ಕರೆದುಕೊಂಡು ಹೋದೆ. ಅವಳು ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದಳು. ಹಾಕಿಕೊಂಡೇ ಬರಬಹುದು ಎಂದರೂ ಅರ್ಧ ಮನಸ್ಸಿನಿಂದಲೇ ಬಂದಳು.

ಮೂರ್ತಿಗಳ ಮುಂದೆ ಕೈ ಮುಗಿಯುತ್ತಾ ನಡೆದಳು. ಕಾಳಿಯ ಕಲ್ಲಿನ ಹತ್ತಿರ ನಿಂತು, "ಇದು ನಾಯಲ್ವಾ?" ಎಂದಳು. ಕಥೆ ಹೇಳಿದೆ. ನಾಯಿಗೆ ಹೆಸರಿತ್ತು ಎಂದಾಗ ಅವಳ ಮುಖ ಅರಳಿತು. "ನಮ್ ಬೀದೀಲೂ ಒಂದು ಕಾಳಿ ಐತೆ ಅಕ್ಕ, ನಂಗೇ ಕಾಯ್ಕೊಂಡಿರ್ತದೆ, ಬಸ್ ಸ್ಟಾಪಿಂದ ಮನೆಗಂಟ ಬತ್ತದೆ." ಮುಟ್ಟಲು ಕೈ ಚಾಚಿದವಳು ಕಾವಲಿನವನನ್ನು ನೋಡಿ ಹಿಂದಕ್ಕೆ ತೆಗೆದುಕೊಂಡಳು. ಅವನು ಏನೂ ಅನ್ನಲಿಲ್ಲ. ಅವಳು ಮುಟ್ಟದ ಆ ಬೆರಳುಗಳನ್ನೇ ಕಣ್ಣಿಗೆ ಒತ್ತಿಕೊಂಡಳು.

ಮುಟ್ಟಬಾರದು ಎಂಬ ಕಟ್ಟಳೆ ಸರಿಯೇ. ಎಷ್ಟು ಕೈ ತಾಗಿದರೆ ಅಕ್ಷರ ಅಳಿಯುತ್ತದೆಂದು ನಮ್ಮ ಗದ್ದೆಯ ಕಲ್ಲಿನಲ್ಲಿ ನೋಡಿದ್ದೇನೆ. ತಾತನ ಪ್ರೀತಿಯೇ ಆ ವೀರನ ಹೆಸರನ್ನು ತಿಕ್ಕಿ ಅಳಿಸಿರಬಹುದು. ಅಲ್ಲಿ ಪೂಜೆ ಉಳಿದು ಹೆಸರು ಹೋಯಿತು, ಇಲ್ಲಿ ಹೆಸರು ಉಳಿದು ಪೂಜೆ ಹೋಯಿತು. ಎರಡರಲ್ಲಿ ಯಾವುದು ಹೆಚ್ಚಿನ ನಷ್ಟವೆಂದು ನನಗೆ ಈಗಲೂ ತೀರ್ಮಾನಿಸಲಾಗಿಲ್ಲ. ಆದರೆ ಆ ಮಧ್ಯಾಹ್ನ ಬರಿಯ ಬೆರಳನ್ನು ಕಣ್ಣಿಗೊತ್ತಿಕೊಂಡ ಹೆಂಗಸಿನ ಮುಂದೆ, ಕಲ್ಲಿನಲ್ಲಿ ದೇವರಿದೆಯೇ ಎಂಬ ಪ್ರಶ್ನೆಯನ್ನು ನಾನು ಕಲ್ಲನ್ನು ನೋಡಿಕೊಂಡು ಕೇಳುತ್ತಿದ್ದುದೇ ತಪ್ಪು ಅನಿಸಿತು.

ಮುಂದಿನ ವಾರ ಎಳನೀರು ಕುಡಿಯಲು ನಿಂತಿದ್ದೆ. ಕಾಯಿ ಕೆತ್ತುತ್ತಿದ್ದವನು ಮಚ್ಚನ್ನು ಹಾಗೇ ಹಿಡಿದು ಕೇಳಿದ: "ಮೇಡಂ, ಆ ಕಾಳಿ ಹಂದಿ ಜೊತೆ ತಾನೂ ಸತ್ತೋಯ್ತಂತಲ್ಲ. ಆಮೇಲೆ ಆವಯ್ಯ ಬೇರೆ ನಾಯಿ ಸಾಕಿದ್ನಾ?"

ಅವನು ಒಳಗೆ ಕಾಲಿಟ್ಟವನಲ್ಲ. ಸೀಬೆಹಣ್ಣಿನವಳ ಕಡೆ ನೋಡಿದೆ. ಅವಳು ಯಾರಿಗೋ ಚಿಲ್ಲರೆ ಎಣಿಸುತ್ತಿದ್ದಳು.

"ಕಲ್ಲಿನಲ್ಲಿ ಅದನ್ನು ಬರೆದಿಲ್ಲ ಕಣಪ್ಪ" ಎಂದೆ.

"ಸಾಕಿರಾಕಿಲ್ಲ ಬಿಡಿ" ಎಂದು ಅವನು ಮತ್ತೆ ಕೆತ್ತತೊಡಗಿದ.