ಅನನೀಯ ಹೋಗಲೇಬೇಕಾದ ಮನೆ

ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ತೆಗೆಯಿರಿ. ಮೊಬೈಲಲ್ಲಿ ಓದುವವರು ದಯವಿಟ್ಟು ವಾಟ್ಸಾಪ್ ಮುಚ್ಚಿ.

ಸೌಲ ಕುದುರೆಯಿಂದ ಬೀಳೋ ಚಿತ್ರ ಸಂಡೇ ಸ್ಕೂಲಲ್ಲಿ ನೋಡಿದ್ದೀರಿ. (ವಾಕ್ಯದಲ್ಲಿ ಕುದುರೆನೇ ಇಲ್ಲ, ಹುಡುಕಿ ನೋಡಿ!) ಆತ ಗಮಲಿಯೇಲನ ಪಾದದ ಬಳಿ ಕಲಿತವನು. ಸ್ತೆಫನನ ಮೇಲೆ ಕಲ್ಲು ಬೀಳುವಾಗ ಕೊಂದವರ ಬಟ್ಟೆ ಕಾಯ್ದವನು. ಮನೆಮನೆ ನುಗ್ಗಿ ಗಂಡಸರನ್ನೂ ಹೆಂಗಸರನ್ನೂ ಎಳೆದು ಸೆರೆಮನೆಗೆ ಹಾಕಿಸಿದವನು. ದೇವರ ಕೆಲಸ ಮಾಡ್ತಿದ್ದೀನಿ ಅಂತಾನೇ ನಂಬಿ ಸಿರಿಯಾದ ದಮಸ್ಕಕ್ಕೆ ಹೊರಟಿದ್ದ.

ಈಗ ನಮ್ಮ ರಾಜ್ಯದವನೊಬ್ಬನ ಹೆಸರು ಹೇಳ್ತೀನಿ. ಭಟ್ಕಳದ ಶಫಿ ಅರ್ಮಾರ್. ಸಿರಿಯಾ, ಇರಾಕ್ ಮರುಭೂಮಿಯ ಊರುಗಳನ್ನು ಹಿಡಿದಿದ್ದ ಐಸಿಸ್ ಸಂಘಟನೆಗೆ ಭಾರತದಿಂದ ಹುಡುಗರನ್ನು ಸೇರಿಸುವ ಮುಖ್ಯಸ್ಥ ಇವನೇ ಅಂತ 2017ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಅವನನ್ನು ಜಾಗತಿಕ ಭಯೋತ್ಪಾದಕ ಎಂದು ಘೋಷಿಸಿತು. 2016ರ ಜನವರಿಯಲ್ಲಿ ಎನ್‌ಐಎ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಯುವಕರನ್ನು ಹಿಡಿದಾಗಲೂ ಕೇಳಿಬಂದದ್ದು ಇವನ ಹೆಸರೇ. ಆ ಹುಡುಗರ ಮನೆಬಾಗಿಲಿಗೆ ಇವನು ಬಂದಿರಲಿಲ್ಲ. ಫೋನಲ್ಲಿ, ಚಾಟ್‌ನಲ್ಲಿ ಬಂದ. ರಾತ್ರಿ ಎರಡು ಗಂಟೆಗೆ ಒಂಟಿಯಾಗಿರೋ ಹುಡುಗನ ಮಾತು ಕೇಳೋಕೆ ಯಾರಾದ್ರೂ ಸಿಕ್ಕಿದ್ರೆ ಅವನು ಯಾರ ಹಿಂದೆ ಬೇಕಾದ್ರೂ ಹೋಗ್ತಾನೆ. ನಮ್ಮ ಸಭೆಯ ಕೊನೇ ಬೆಂಚಲ್ಲಿ ಕೂತು, ಆಮೆನ್ ಆದ ತಕ್ಷಣ ಎದ್ದು ಹೋಗುವ ತಮ್ಮಂದಿರನ್ನು ನಾವು ಯಾವತ್ತು ಮಾತಾಡಿಸಿದ್ದೀವಿ?

ಇನ್ನು ನನ್ನ ವಿಷಯ. ಹೇಳೋಕೆ ನಾಚಿಕೆ ಆಗುತ್ತೆ. 2019ರ ಈಸ್ಟರ್ ಭಾನುವಾರ ಶ್ರೀಲಂಕಾದ ಚರ್ಚುಗಳಲ್ಲಿ ಬಾಂಬ್ ಸಿಡಿದಾಗ ನನ್ನ ರಕ್ತ ಕುದೀತು. ಇಡೀ ಮುಸ್ಲಿಂ ಜನಾಂಗವನ್ನೇ ಬೈಯೋ ಒಂದು ಮೆಸೇಜ್ ಬಂತು, ಫಾರ್ವರ್ಡ್ ಮಾಡಿದೆ. ಅದು ನಮ್ಮ ರೈಲಿನ ಗ್ರೂಪಿಗೂ ಹೋಯ್ತು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ಬೆಳಗಿನ ಗಾಡಿ ನಿಮಗೆ ಗೊತ್ತಲ್ಲ, ನಾನು ಕೋರಮಂಡಲ್‌ನಲ್ಲಿ ಹತ್ತಿ, ಬಂಗಾರಪೇಟೆಯಲ್ಲಿ ಹತ್ತುವ ಒಬ್ಬ ಭಾಯ್‌ಗೆ ಕರ್ಚೀಫ್ ಹಾಕಿ ಸೀಟು ಹಿಡಿತಿದ್ದೆ. ಗಣಿಯಲ್ಲಿ ದುಡಿದ ನಮ್ಮಪ್ಪ ತೀರಿಕೊಂಡಾಗ ಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರು. ಮಾರನೇ ದಿನ ಕರ್ಚೀಫ್ ಹಾಗೇ ಇತ್ತು. ಅವರು ಬಾಗಿಲ ಹತ್ರ ನಿಂತೇ ಬೆಂಗಳೂರಿನವರೆಗೂ ಬಂದ್ರು. ಇಳಿಯುವಾಗ ಒಂದೇ ಮಾತು: “ಪಾಸ್ಟರ್, ನನ್ನನ್ನೂ ಸೇರಿಸೇ ಕಳಿಸಿದ್ರಾ?”

ವಾಕ್ಯಕ್ಕೆ ಬನ್ನಿ. ಸೌಲನ ಹತ್ರ ಹೋಗು ಅಂದಾಗ ಅನನೀಯ ತಕ್ಷಣ ಹಲ್ಲೆಲೂಯಾ ಅನ್ನಲಿಲ್ಲ. ಕರ್ತನೇ, ಅವನು ಎಂಥವನು ಅಂತ ಕೇಳಿದ್ದೀನಿ ಅಂತ ವಾದ ಮಾಡಿದ. ಭಯ ಇದ್ದರೂ ನೆಟ್ಟನೆ ಬೀದಿಗೆ ಹೋದ, ಕೈಯಿಟ್ಟ, ‘ಸಹೋದರ’ ಅಂತ ಕರೆದ. ಸೌಲ ಇನ್ನೂ ಒಂದು ಪ್ರಸಂಗವನ್ನೂ ಮಾಡಿರಲಿಲ್ಲ, ಕಣ್ಣೂ ತೆರೆದಿರಲಿಲ್ಲ.

ಕಾನೂನು ತನ್ನ ಕೆಲಸ ಮಾಡಲಿ, ರೋಮಾಪುರದವರಿಗೆ 13 ಅದನ್ನೇ ಹೇಳುತ್ತೆ. ಶತ್ರುವಿಗೋಸ್ಕರ ಪ್ರಾರ್ಥಿಸೋದು ಅಂದ್ರೆ ಕೇಸ್ ವಾಪಸ್ ತಗೊಳ್ಳೋದಲ್ಲ. 2015ರ ಫೆಬ್ರವರಿಯಲ್ಲಿ ಲಿಬಿಯಾದ ಸಮುದ್ರ ತೀರದಲ್ಲಿ ಐಸಿಸ್‌ನವರು 21 ಕ್ರೈಸ್ತರ ತಲೆ ಕಡಿದ್ರು. ಅವರಲ್ಲಿ ಇಬ್ಬರು ಒಂದೇ ಮನೆಯ ಮಕ್ಕಳು. ಕೊಂದವನು ಎದುರು ಬಂದ್ರೆ ಏನು ಮಾಡ್ತೀಯಮ್ಮ ಅಂತ ಅವರ ತಾಯಿಯನ್ನ ಇನ್ನೊಬ್ಬ ಮಗ ಕೇಳಿದ. ಮನೆಯೊಳಗೆ ಕರೀತೀನಿ, ದೇವರು ಅವನ ಕಣ್ಣು ತೆರೆಯಲಿ ಅಂತ ಕೇಳ್ತೀನಿ ಅಂದ್ಲು ಆಕೆ. ಅಕ್ಷರ ಬಾರದ ಹಳ್ಳಿ ತಾಯಿ, ಪ್ರಿಯರೇ. ನನ್ನ ಹತ್ರ ಬೈಬಲ್ ಕಾಲೇಜಿನ ಡಿಪ್ಲೊಮಾ ಇದೆ.

ಮುಂದಿನ ಭಾನುವಾರ ಆರಾಧನೆ ಮುಗಿಸಿ ನಾನು ಬಂಗಾರಪೇಟೆಗೆ ಹೋದೆ. ಭಾಯ್ ಬಾಗಿಲು ತೆಗೆದ್ರು, ಚಹಾ ಕೊಟ್ರು. ಕ್ಷಮಿಸಿ ಅಂದೆ. ತುಂಬ ಹೊತ್ತು ಏನೂ ಅನ್ನಲಿಲ್ಲ. ಮೊದಲಿನ ಹಾಗೆ ಆಯ್ತಾ ಅಂದ್ರೆ, ಇನ್ನೂ ಇಲ್ಲ. ಆದ್ರೆ ಈಗ ಕರ್ಚೀಫ್ ಎತ್ತಿ ಕೂತ್ಕೊಳ್ತಾರೆ.

ಎದ್ದು ನಿಲ್ಲಿ. ನಿಮ್ಮ ಬಾಯಿಂದ ಬರೋಕೇ ಕಷ್ಟ ಆಗೋ ಒಂದು ಹೆಸರನ್ನು ಮನಸ್ಸಿಗೆ ತಂದ್ಕೊಳ್ಳಿ. ನಾನು ಶಫಿ ಅರ್ಮಾರ್‌ಗೋಸ್ಕರ ಶುರು ಮಾಡ್ತೀನಿ, ನೀವು ನಿಮ್ಮ ಹೆಸರು ಹೇಳಿ. ಪರಲೋಕದ ತಂದೆಯೇ…